ಗೋವಿಂದರಾಜುವಿನ ಮೂಲಂಗಿಗಳು

ನಮ್ಮ ಮನೆಯ ಟಿವಿ ಪಕ್ಕದಲ್ಲಿ ಮೂಲಂಗಿ ಗಾತ್ರದ ಕಪ್ಪು ಕಡ್ಡಿಯೊಂದು ಬಿದ್ದಿರುತ್ತದೆ. ಬಂದವರು ಅದನ್ನು ಟಾರ್ಚ್ ಅಂದುಕೊಂಡು ಎತ್ತಿಕೊಳ್ಳುತ್ತಾರೆ, ಗುಂಡಿ ಒತ್ತುತ್ತಾರೆ. ಬೆಳಕು ಬರುವುದಿಲ್ಲ, ಮತ್ತೊಮ್ಮೆ ಒತ್ತುತ್ತಾರೆ. ಇನ್ನೊಂದು ಕೈಯ ಉಂಗುರ ಅದರ ತುದಿಯ ಹತ್ತಿರ ಸುಳಿದರೆ ಕಡ್ಡಿ ಗುರ್ ಅಂತ ನಡುಗುತ್ತದೆ. ಹಿಡಿದವರು ಹಾವು ಮುಟ್ಟಿದವರ ಹಾಗೆ ಅದನ್ನು ಸೋಫಾದ ಮೇಲೆ ಬಿಸಾಕುತ್ತಾರೆ. ಮೊನ್ನೆ ಗ್ಯಾಸ್ ಸಿಲಿಂಡರ್ ತಂದವನೂ ಹಾಗೇ ಮಾಡಿದ. ಇದೇನು ಸಾರ್ ಅಂದ. ನೆಲದೊಳಗೆ ಬಿದ್ದ ಲೋಹ ಹುಡುಕುವುದು ಕಣಪ್ಪ ಅಂದೆ. ಅವನು ನನ್ನನ್ನೂ ನಮ್ಮ ಮನೆಯ ಟೈಲ್ಸ್ ನೆಲವನ್ನೂ ಒಂದು ಸಲ ನೋಡಿ, ರಸೀದಿ ಕೊಟ್ಟು ಹೊರಟುಹೋದ.

ಅದನ್ನು ಅಲ್ಲಿ ಇಟ್ಟಿರುವುದು ಅಲಂಕಾರಕ್ಕಲ್ಲ. ನನ್ನ ಕೈಗೆ ಸುಮ್ಮನಿರಲು ಬರುವುದಿಲ್ಲ, ಅದಕ್ಕೆ. ಸದಾಶಿವನಗರದ ನಮ್ಮ ಮನೆಯಲ್ಲಿ ನಾನು ಹಾಲ್‌ನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಗೇಟಿಗೆ, ಗೇಟಿನಿಂದ ಮತ್ತೆ ಹಾಲ್‌ಗೆ ಓಡಾಡುತ್ತಲೇ ಇರುತ್ತೇನೆ. ಆ ಓಡಾಟದಲ್ಲಿ ಕಡ್ಡಿ ಕೈಗೆ ಸಿಗುತ್ತದೆ. ಗೋಡೆಗೆ ಹಿಡಿಯುತ್ತೇನೆ, ಒಳಗೆ ಮೊಳೆ ಇದ್ದರೆ ನಡುಗುತ್ತದೆ. ಸೋಫಾದ ಸಂದಿಗೆ ತೂರಿಸುತ್ತೇನೆ, ಹೇರ್‌ಪಿನ್ ಸಿಗುತ್ತದೆ. ನನ್ನ ಹೆಂಡತಿ ಶಶಿಕಲಾ, "ಒಂದ್ ಕಡೆ ಕೂತ್ಕೊಳ್ರೀ, ನಿಮ್ಮನ್ನ ನೋಡ್ತಾ ಇದ್ರೆ ನನಗೇ ಕಾಲು ನೋಯುತ್ತೆ" ಅನ್ನುತ್ತಾಳೆ.

ಈ ಮಾತು ನನಗೆ ಹೊಸದಲ್ಲ. ಮರಳೂರಿನಲ್ಲಿ ನಾವು ಹುಡುಗರಾಗಿದ್ದಾಗ ನಮ್ಮವ್ವ ಇದನ್ನೇ ಇನ್ನಷ್ಟು ಖಾರವಾಗಿ ಹೇಳುತ್ತಿದ್ದಳು: "ಇವ್ನ ಅಂಡ್ನಾಗೆ ಇರುವೆ ಗೂಡು ಕಟ್ಟೈತೆ." ಆಗ ಮರಳೂರು ಈಗಿನ ಹಾಗೆ ಸೈಟು, ಅಂಗಡಿ, ಬಾಡಿಗೆ ಮನೆಗಳ ಜಾಗ ಆಗಿರಲಿಲ್ಲ, ಊರಾಗಿತ್ತು. ಕೆಟ್ಟ ರೇಡಿಯೋದ ಸ್ಪೀಕರಿನಿಂದ ಕಿತ್ತ ಅಯಸ್ಕಾಂತಕ್ಕೆ ದಾರ ಕಟ್ಟಿ, ನಾಯಿಮರಿಯನ್ನು ಎಳೆದುಕೊಂಡು ಹೋಗುವ ಹಾಗೆ ಬೀದಿಯುದ್ದಕ್ಕೂ ಎಳೆದುಕೊಂಡು ಹೋಗುತ್ತಿದ್ದೆ. ಸಂಜೆಗೆ ಅದಕ್ಕೆ ಕರಡಿಯ ಹಾಗೆ ಮೈತುಂಬ ಕಬ್ಬಿಣದ ಪುಡಿ ಬೆಳೆದಿರುತ್ತಿತ್ತು. ಅವ್ವನ ಸೂಜಿ ಕಳೆದರೆ ನನಗೆ ಕರೆ ಬರುತ್ತಿತ್ತು. ಅವಳು ಮೊದಲು ಸೆರಗಿನ ತುದಿಗೆ ಒಂದು ಗಂಟು ಹಾಕಿಕೊಳ್ಳುವಳು. ಗಂಟು ಹಾಕಿದರೆ ಕಳೆದದ್ದು ಸಿಗುತ್ತದೆ ಅಂತ ನಂಬಿಕೆ. ಆಮೇಲೆ ನನ್ನ ಅಯಸ್ಕಾಂತ. ಸೂಜಿ ಸಿಕ್ಕಾಗ ಹೆಸರು ಮಾತ್ರ ಗಂಟಿಗೆ ಹೋಗುತ್ತಿತ್ತು. ಆ ಹೊಟ್ಟೆಯುರಿಗೇ ನಾನು ಫಿಸಿಕ್ಸ್ ಓದಿ ಪಿಯು ಕಾಲೇಜಿನಲ್ಲಿ ಪಾಠ ಮಾಡಲು ಹೋದೆ ಅಂತ ಕಾಣುತ್ತದೆ. ಈಗ ನಿವೃತ್ತನಾಗಿದ್ದೇನೆ. ಇರುವೆಗಳು ಮಾತ್ರ ಇನ್ನೂ ಸರ್ವೀಸಿನಲ್ಲಿವೆ.

ಕಡ್ಡಿಯ ವಿಷಯಕ್ಕೆ ಬರುತ್ತೇನೆ. ನನ್ನ ತಂಗಿ ಗಂಗಮ್ಮನನ್ನು ಕೊಟ್ಟಿರುವುದು ಗುಬ್ಬಿ ಹತ್ತಿರ, ಬಿದರೆಹಳ್ಳ ಕಾವಲಿನ ಪಕ್ಕದ ಹಳ್ಳಿಗೆ. ಅವಳ ಗಂಡ, ನಮ್ಮ ಭಾವ ರುದ್ರಪ್ಪ, ತೆಂಗಿನ ತೋಟದವರು. ಕಡಿಮೆ ಮಾತಿನ ಮನುಷ್ಯ. ಬೆಳಿಗ್ಗೆ ಸ್ನಾನ ಮಾಡಿ, ಕೊರಳಲ್ಲಿ ಕಟ್ಟಿಕೊಂಡ ಬೆಳ್ಳಿ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡದೆ ಅವರು ಒಂದು ಲೋಟ ನೀರನ್ನೂ ಕುಡಿಯುವವರಲ್ಲ. ನಾವೂ ಲಿಂಗ ಕಟ್ಟಿಕೊಂಡ ಜನವೇ, ಆದರೆ ನನ್ನ ಲಿಂಗಪೂಜೆ ಹಬ್ಬಹುಣ್ಣಿಮೆಗೆ ಇಳಿದು ಬಹಳ ಕಾಲವಾಯಿತು. ಭಾವ ಹಾಗಲ್ಲ. ಪ್ರಯಾಣದಲ್ಲಿ ಬಸ್ ಕೆಟ್ಟು ದಾರಿಯಲ್ಲಿ ನಿಂತರೂ ಯಾರದೋ ತೋಟದ ಪಂಪಿನ ನೀರಿನಲ್ಲಿ ಮಿಂದು ಪೂಜೆ ಮುಗಿಸಿಯೇ ಮುಂದಿನ ಮಾತು.

ಹೋದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಗಂಗಮ್ಮ ಫೋನ್ ಮಾಡಿದಳು. ನಾನು ಎಂದಿನಂತೆ ಸ್ಪೀಕರ್ ಹಾಕಿದೆ. ಇತ್ತೀಚೆಗೆ ಈ ಕಂಪನಿಯವರ ನೆಟ್‌ವರ್ಕ್ ಕೆಟ್ಟುಹೋಗಿದೆ, ಕಿವಿಗಿಟ್ಟುಕೊಂಡರೆ ಅರ್ಧಂಬರ್ಧ ಕೇಳುತ್ತದೆ ಅಂತ ನಾನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ ಕಾಲ ಅದು.

"ಅಣ್ಣ, ಇವ್ರ ಕರಡಿಗೆ ಕಳ್ದೋಗೈತೆ," ಅಂದಳು. "ನಿನ್ನೆ ತೋಟ್ದಾಗೆ ಪಾತಿಗೆ ಗೊಬ್ರ ಹಾಕ್ತಿದ್ರು. ದಾರ ಯಾವಾಗ ಕಿತ್ತೋತೋ ಗೊತ್ತಿಲ್ಲ. ಮಧ್ಯಾಹ್ನ ಕೈಕಾಲು ತೊಳ್ಯಕ್ ಬಂದಾಗ ನೋಡ್ಕಂಡ್ರೆ ಕೊರಳು ಖಾಲಿ. ಆಗ್ಲಿಂದ ಏನೂ ಉಂಡಿಲ್ಲ. ನೀರೂ ಕುಡ್ದಿಲ್ಲ. ಶುಗರ್ ಮಾತ್ರೆ ಹಂಗೇ ಐತೆ."

"ಮಠದ ಅಯ್ಯನೋರಿಗೆ ಹೇಳಿದ್ಯಾ?"

"ಹೇಳ್ದೆ. ಬನ್ನಿ, ಬೇರೆ ಕಟ್ಟಿಕೊಡ್ತೀನಿ, ಅಲ್ಲೀಗಂಟ ಉಪವಾಸ ಬ್ಯಾಡ ಅಂದ್ರು. ಇವ್ರು ಕೇಳಲ್ಲ. ಹುಡುಕ್ದೇ ಇರೋ ಜಾಗ ಒಂದೂ ಉಳೀಬಾರ್ದು, ಆಮ್ಯಾಕೆ ನೋಡನ ಅಂತಾರೆ. ನಿನ್ ಹತ್ರ ಏನಾದ್ರೂ ಮಿಶಿನ್ ಗಿಶಿನ್ ಐತಾ? ನೀನು ಅದೇ ಅಲ್ವಾ ಪಾಠ ಮಾಡ್ತಿದ್ದಿದ್ದು."

ತಂಗಿಯ ದೃಷ್ಟಿಯಲ್ಲಿ ಫಿಸಿಕ್ಸ್ ಅಂದರೆ ಮಿಶಿನ್ನು. ಬರ್ತೀನಿ ಇರು ಅಂತ ಫೋನಿಟ್ಟೆ. ಕೈಕಾಲು ಆಡತೊಡಗಿದವು. ಆದರೆ ಓದಿದವನ ರೋಗ ನೋಡಿ, ಕಾರಿನ ಕೀ ಹುಡುಕುವ ಬದಲು ಮೊಬೈಲಿನಲ್ಲಿ ಡಿಟೆಕ್ಟರ್ ಹುಡುಕುತ್ತ ಕುಳಿತೆ. ಕುಳಿತೆ ಅಂದರೆ ಓಡಾಡುತ್ತಲೇ ನೋಡತೊಡಗಿದೆ. ದೊಡ್ಡ ತಟ್ಟೆಯಂಥ ಡಿಟೆಕ್ಟರು ನೆಲದ ಮೇಲೆ ಆಡಿಸಿದರೆ ಇಲ್ಲೆಲ್ಲೋ ಲೋಹ ಇದೆ ಅನ್ನುತ್ತದೆಯೇ ಹೊರತು ಇಂಥ ಜಾಗದಲ್ಲೇ ಇದೆ ಅನ್ನುವುದಿಲ್ಲ. ಅಗೆದ ಗುಂಡಿಯೊಳಗೆ ತೂರಿಸಿ ಇದೋ ಇಲ್ಲೇ ಅಂತ ಬೆರಳು ಮಾಡಿ ತೋರಿಸಲು ಬೇರೊಂದು ಕೈಕಡ್ಡಿ ಬೇಕು. ಪಿನ್‌ಪಾಯಿಂಟರ್ ಅನ್ನುತ್ತಾರೆ. ಅದರಲ್ಲೇ ಎಷ್ಟು ಜಾತಿ! ನೀರಿಗೆ ಬಿದ್ದರೂ ಕೆಡದ್ದು, ಕೂಗುವುದು, ನಡುಗುವುದು, ತುದಿಯಲ್ಲಿ ಮಾತ್ರ ಹಿಡಿಯುವುದು, ಪಕ್ಕೆಯಲ್ಲೂ ಹಿಡಿಯುವುದು. ಯಾವುದೋ ದೇಶದ ಸಮುದ್ರದಂಡೆಯಲ್ಲಿ ಚಡ್ಡಿ ಹಾಕಿಕೊಂಡ ಗಡ್ಡದವನೊಬ್ಬ ಮರಳಿನಿಂದ ಉಂಗುರ ತೆಗೆಯುವ ವಿಡಿಯೋ ಶುರುವಾಯಿತು.

"ಅಲ್ಲಿ ಅವ್ರು ನೀರು ಮುಟ್ಟಿಲ್ಲ ಅಂತಿದಾಳೆ, ನೀವು ಇಲ್ಲಿ ಸಿನಿಮಾ ನೋಡ್ತಿದೀರ," ಅಂದಳು ಶಶಿಕಲಾ. ಅವಳು ಆಗಲೇ ಸೀರೆ ಬದಲಾಯಿಸಿ ಚಪ್ಪಲಿ ಹಾಕಿಕೊಂಡಿದ್ದಳು.

"ಡೆಲಿವರಿ ನಾಡಿದ್ದಂತೆ," ಅಂದೆ.

"ನಾಡಿದ್ದು ತಂದು ಯಾರಿಗ್ ಕೊಡ್ತೀರಿ?"

ಆ ಮಾತಿಗೆ ಇಬ್ಬರೂ ಬೆಚ್ಚಿದೆವು. ಅವಳೇ ತುಟಿ ಕಚ್ಚಿಕೊಂಡು, "ನಡೀರಿ ನಡೀರಿ," ಅಂತ ಹೊರಗೆ ಹೋದಳು.

ನಮ್ಮೂರಿನ ಎಂ.ಜಿ. ರೋಡಿನ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿ ಆಗಷ್ಟೇ ಶಟರ್ ಎತ್ತುತ್ತಿತ್ತು. ಲೋಹ ಹುಡುಕೋ ಕಡ್ಡಿ ಇದೆಯಾ ಅಂದೆ. ಇದೆ ಸಾರ್ ಅಂತ ಉತ್ಸಾಹದಿಂದ ಒಳಗೆ ಹೋದವನು ಮದುವೆಮನೆ ಬಾಗಿಲಲ್ಲಿ, ಮಾಲ್ ಬಾಗಿಲಲ್ಲಿ ಸೆಕ್ಯೂರಿಟಿಯವರು ನಮ್ಮ ಮೈ ಸವರುತ್ತಾರಲ್ಲ, ಅದನ್ನು ತಂದ. ನನ್ನ ಸೊಂಟದ ಹತ್ತಿರ ಹಿಡಿದ. ಬೆಲ್ಟಿನ ಬಕಲ್ಲಿಗೆ ಕೆಂಪು ದೀಪ ಹೊತ್ತಿತು.

"ಇದನ್ನ ಮಣ್ಣೊಳಗೆ ತೂರಿಸ್ಬಹುದಾ?"

"ಮಣ್ಣೊಳಗೆ ಯಾಕ್ ತೂರಿಸ್ತೀರಾ ಸಾರ್?"

"ತೋಟದಲ್ಲಿ ಬೆಳ್ಳಿ ಹುಡುಕಬೇಕು."

ಅವನ ಮುಖ ಬದಲಾಯಿತು. ರಸ್ತೆಯ ಆಚೆ ಈಚೆ ನೋಡಿದ. ದನಿ ತಗ್ಗಿಸಿ ಏನೋ ಅಂದ, ನನಗೆ ಸರಿಯಾಗಿ ತಿಳಿಯಲಿಲ್ಲ. ಶಶಿಕಲಾ ನನ್ನ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದಳು. "ನಿಧಿ ವಿಷಯ ಇದ್ರೆ ನನ್ನನ್ನ ಸೇರಿಸ್ಬೇಡಿ ಅಂತಿದಾನೆ, ಬನ್ನಿ."

ನಿಧಿ ಅನ್ನುವ ಪದ ಕಿವಿಗೆ ಬಿದ್ದ ಕೂಡಲೇ ನನಗೆ ಗೋವಿಂದರಾಜು ನೆನಪಾದ. ಮೊದಲೇ ಯಾಕೆ ನೆನಪಾಗಲಿಲ್ಲ ಅಂತ ನನ್ನ ತಲೆಗೆ ನಾನೇ ಮೊಟಕಿಕೊಂಡೆ. ಗೋವಿಂದರಾಜು ನಮ್ಮ ಕಾಲೇಜಿನಲ್ಲಿ ಚರಿತ್ರೆ ಮೇಷ್ಟ್ರಾಗಿದ್ದವನು, ಈಗ ಕುಣಿಗಲ್ಲಿನಲ್ಲಿ ಸ್ವಂತ ಮನೆ. ನಿವೃತ್ತಿಯಾದ ಮೇಲೆ ಅವನಿಗೆ ಈ ಲೋಹ ಹುಡುಕುವ ಹುಚ್ಚು ಹಿಡಿಯಿತು. ಹಳೇ ಗುಡಿ, ಕೋಟೆ, ಹಾಳೂರಿನ ಹತ್ತಿರ ಅವನು ಸುಳಿಯುವುದಿಲ್ಲ. ಅಲ್ಲೆಲ್ಲ ಅಗೆಯುವುದಕ್ಕೆ ಕಾನೂನು ಬಿಡುವುದಿಲ್ಲ ಅಂತ ಅವನೇ ಮಕ್ಕಳಿಗೆ ಪಾಠ ಮಾಡಿದವನು. ಸ್ನೇಹಿತರ ಹೊಲದಲ್ಲಿ, ಅವರು ಒಪ್ಪಿದರೆ, ಹಳೇ ಕಾಸು ಸಿಗುತ್ತದೇನೋ ಅಂತ ಹುಡುಕುತ್ತಿದ್ದ. ಸಿಕ್ಕಿದ್ದೆಲ್ಲ ಸೋಡಾ ಬಾಟಲಿ ಮುಚ್ಚಳ. ಒಂದು ಸಲ ಹೊಲದ ಬದುವಿನಲ್ಲಿ ಇವನು ಮೊಣಕಾಲೂರಿ ಕೂತಿದ್ದನ್ನು ನೋಡಿ, ನಿಧಿ ಕಳ್ಳ ಬಂದವ್ನೆ ಅಂತ ಅರ್ಧ ಊರು ಸೇರಿ, ಹೊಲದ ಯಜಮಾನ ಬಂದು ಬಿಡಿಸಿಕೊಳ್ಳುವಷ್ಟರಲ್ಲಿ ಸಾಕಾಗಿತ್ತಂತೆ. ಅವತ್ತೇ ಅವನ ಹೆಂಡತಿ ಎಲ್ಲವನ್ನೂ ಮೂಟೆ ಕಟ್ಟಿ ಅಟ್ಟಕ್ಕೆ ಹಾಕಿದಳು.

ಕುಣಿಗಲ್ಲಿನ ದಾರಿ ಹಿಡಿದು, ಹೆಬ್ಬೂರು ದಾಟುವಾಗ ಅವನಿಗೆ ಫೋನ್ ಮಾಡಿದೆವು. ನಾವು ಹೋಗುವ ಹೊತ್ತಿಗೆ ಮೂಟೆ ಅಟ್ಟದಿಂದ ಇಳಿದು ಅವನ ಮನೆಯ ಅಂಗಳದಲ್ಲಿತ್ತು. ಗೋವಿಂದರಾಜು ಮದುವೆಗೆ ಕರೆ ಬಂದವನ ಹಾಗೆ ಅರಳಿದ್ದ.

"ದೊಡ್ಡ ಡಿಟೆಕ್ಟರ್ ನಾನೇ ಹಿಡ್ಕೋತೀನಿ, ಅದು ನನ್ನ ಕೈಗೆ ಪಳಗಿದೆ," ಅಂದ. "ಕೈಕಡ್ಡಿ ನೀನು ಹಿಡೀಬೇಕು. ಮೂರಿವೆ. ಯಾವ್ದು ಬೇಕೋ ಆರಿಸ್ಕೊ."

ಚಾಪೆಯ ಮೇಲೆ ಮೂರು ಮೂಲಂಗಿಗಳನ್ನು ಸಾಲಾಗಿ ಇಟ್ಟ. ಮೂಲಂಗಿ ಅನ್ನುವುದು ಅವನದೇ ಪದ. ಮೊದಲನೆಯದು ಬೂದು ಬಣ್ಣದ್ದು, ತುದಿ ಉದ್ದ. ಬಲು ಚುರುಕು, ಆದರೆ ನಮ್ಮ ಕಡೆಯ ಕೆಂಪು ಮಣ್ಣಿನಲ್ಲೇ ಕಬ್ಬಿಣದ ಅಂಶ ಇರುತ್ತದಲ್ಲ, ಮಣ್ಣು ತಗುಲಿದರೂ ಕೂಗುತ್ತದೆ ಅಂದ. ಎರಡನೆಯದು ಕಿತ್ತಳೆ ಬಣ್ಣದ್ದು. ಎಲೆ, ಗೊಬ್ಬರದ ನಡುವೆ ಬಿದ್ದರೂ ಥಟ್ಟನೆ ಕಾಣುತ್ತದೆ, ನೀರಲ್ಲಿ ಮುಳುಗಿಸಿದರೂ ಏನೂ ಆಗುವುದಿಲ್ಲ, ಇರುವುದರಲ್ಲೆಲ್ಲ ಇದೇ ರಾಜ. ಮೂರನೆಯದು ಕಪ್ಪಗೆ, ಮಂಕಾಗಿತ್ತು. ಗುಂಡಿ ಒಂದು ಸಲ ಒತ್ತಿದರೆ ಕೂಗುತ್ತದೆ, ಎರಡು ಸಲ ಒತ್ತಿದರೆ ಕೂಗದೆ ನಡುಗುತ್ತದೆ. "ಇದನ್ನ ತಗೊಂಡಿದ್ದೇ ದಂಡ," ಅಂದ. "ಅಷ್ಟೊಂದು ಚುರುಕಿಲ್ಲ. ತುದೀಲಿ ಮಾತ್ರ ಹಿಡಿಯುತ್ತೆ."

ಒಳಗಿನಿಂದ ಬೆಳ್ಳಿ ಕುಂಕುಮದ ಭರಣಿ ತಂದು ಹೂವಿನ ಕುಂಡದ ಮಣ್ಣಿನಲ್ಲಿ ಹೂತ. ಗಾತ್ರದಲ್ಲಿ ಅದು ಕರಡಿಗೆಯ ಹತ್ತಿರ ಹತ್ತಿರ ಇತ್ತು. ಬೂದು ಮೂಲಂಗಿಯನ್ನು ತೂರಿಸಿದೆ. ಸುಮ್ಮನಿತ್ತು. ಕಿತ್ತಳೆಯದನ್ನು ತೂರಿಸಿದೆ. ಅದೂ ಸುಮ್ಮನಿತ್ತು. ಭರಣಿಗೆ ತುದಿ ತಾಗಿದ್ದು ಕೈಗೆ ಗೊತ್ತಾಗುತ್ತಿದೆ, ಕಡ್ಡಿ ಮಾತ್ರ ಮೌನ.

"ಎರಡಕ್ಕೂ ಸೆಲ್ ಹೋಗಿದೆ ಕಣಯ್ಯ," ಅಂದೆ. "ಅಟ್ಟದಲ್ಲಿಟ್ಟು ಸಾಯಿಸಿದೀಯ."

ಗೋವಿಂದರಾಜು ನನ್ನ ಮುಖ ನೋಡಿದ. "ಕೂಗ್ತಾ ಇದೆಯಲ್ಲೋ."

"ಎಲ್ಲಿ ಕೂಗ್ತಿದೆ?"

"ಕಿವಿ ಕಿತ್ತೋಗೋ ಹಂಗೆ ಕೂಗ್ತಾ ಇದೆ."

ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ಹೊತ್ತಲ್ಲದ ಹೊತ್ತಿನಲ್ಲಿ ತಮಾಷೆ ಮಾಡುತ್ತಾನಲ್ಲ ಅಂತ ಸಿಟ್ಟೂ ಬಂತು. ಶಶಿಕಲಾ ಕಡೆ ತಿರುಗಿದೆ. ಅವಳು ಒಂದು ಕಿವಿ ಮುಚ್ಚಿಕೊಂಡಿದ್ದಳು. ಅಷ್ಟರಲ್ಲಿ ಗೋವಿಂದರಾಜುವಿನ ಹೆಂಡತಿ ಅಡುಗೆಮನೆಯಿಂದ ಸೌಟು ಹಿಡಿದೇ ಹೊರಗೆ ಬಂದರು. "ಅದನ್ನ ಆರಿಸ್ರೀ ಮೊದ್ಲು, ತಲೆ ಸಿಡೀತಿದೆ," ಅಂದರು.

ಕುಂಡದಿಂದ ಕಡ್ಡಿಯನ್ನು ತೆಗೆದೆ. ಆರಿಸುವ ಗುಂಡಿ ಯಾವುದು ಅಂತ ಹುಡುಕುವ ನೆಪದಲ್ಲಿ ತಲೆ ತಗ್ಗಿಸಿಕೊಂಡೆ. ಶಬ್ದದ ಬಗ್ಗೆ ಎಷ್ಟೋ ವರ್ಷ ಪಾಠ ಮಾಡಿದವನು ನಾನು. ವಯಸ್ಸಾದಂತೆ ಕೀರಲು ದನಿ ಮೊದಲು ಕೇಳದಂತಾಗುತ್ತದೆ ಅಂತ ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸಿದವನು. ಆ ಗೆರೆಯ ಕೆಳಗೆ ನಾನು ಬಂದು ನಿಂತಿರುವುದು ಮಾತ್ರ ತಿಳಿದಿರಲಿಲ್ಲ.

ಕಪ್ಪು ಮೂಲಂಗಿಯನ್ನು ಎತ್ತಿಕೊಂಡು ಗುಂಡಿ ಎರಡು ಸಲ ಒತ್ತಿ ಮಣ್ಣಿಗೆ ತೂರಿಸಿದೆ. ಭರಣಿಯ ಹತ್ತಿರ ಹೋದಂತೆ ಅಂಗೈಯಲ್ಲಿ ಗುರ್ ಅಂತು. ದೂರ ಸರಿಸಿದರೆ ಸುಮ್ಮನಾಯಿತು. ಮತ್ತೆ ಹತ್ತಿರ, ಮತ್ತೆ ಗುರ್.

"ಇದೇ ಇರ್ಲಿ," ಅಂದೆ.

"ಅದೇ ಇರ್ಲಿ," ಅಂದ ಗೋವಿಂದರಾಜು, ಮೆತ್ತಗೆ.

ಒಳದಾರಿಯಲ್ಲಿ ಗುಬ್ಬಿ ಕಡೆ ಹೊರಟೆವು. ಗೋವಿಂದರಾಜು ತನ್ನ ಸಾಮಾನಿನೊಂದಿಗೆ ಹಿಂದಿನ ಸೀಟಿನಲ್ಲಿ ಕೂತವನು ಸ್ವಲ್ಪ ಹೊತ್ತಿಗೆ ತೂಕಡಿಸಿದ. ನಾನು ಗೇರು ಬದಲಾಯಿಸುತ್ತ, ಸ್ಟಿಯರಿಂಗಿನ ಮೇಲೆ ಬೆರಳು ಕುಟ್ಟುತ್ತ, ಅಂತೂ ಕೊನೆಗೆ ಅಂದೆ: "ನನಗೆ ಏನೇನೂ ಕೇಳಿಸ್ಲಿಲ್ಲ ಕಣೇ."

"ಗೊತ್ತು."

"ಯಾವಾಗ್ಲಿಂದ ಗೊತ್ತು?"

"ಕುಕ್ಕರ್ ಕೂಗಿದ್ರೂ ಪಕ್ಕದಲ್ಲೇ ನಿಂತಿರ್ತೀರಲ್ಲ, ಆಗ್ಲಿಂದ. ಹೇಳಿದ್ರೆ, 'ನೀನೇ ಗೊಣಗ್ತೀಯ, ಬಾಯಿ ಬಿಟ್ಟು ಮಾತಾಡು' ಅಂತ ನನ್ನ ಮೇಲೇ ಹಾಕ್ತಿದ್ರಿ. ಸುಮ್ನಾದೆ."

ನಾನು ಅವಳ ದನಿ ಸಣ್ಣಗಾಗುತ್ತಿದೆ ಅಂದುಕೊಂಡಿದ್ದೆ. ಗಂಟಲು ತೋರಿಸ್ಕೊ ಅಂತ ಬುದ್ಧಿ ಕೂಡ ಹೇಳಿದ್ದೆ. ನಾಳೆ ಡಾಕ್ಟರ ಹತ್ತಿರ ಹೋಗೋಣ ಅಂದೆ. ಹೂಂ ಅಂದಳು. ಹೋದೆವು ಕೂಡ, ಈಗ ಎರಡು ಕಿವಿಗೂ ಅವರೆಕಾಳಿನಷ್ಟು ಮಿಶಿನ್ನುಗಳಿವೆ, ಕಪ್ಪು ಮೂಲಂಗಿಯನ್ನೂ ಗೋವಿಂದರಾಜು ವಾಪಸು ಕೇಳಲಿಲ್ಲ. ಅದು ಆಮೇಲಿನ ಮಾತು. ಅವತ್ತು ನನ್ನ ಕಿವಿಗಿಂತ ಭಾವನ ಹೊಟ್ಟೆಯದೇ ಯೋಚನೆ.

ತೋಟಕ್ಕೆ ಹೋದಾಗ ಬಿಸಿಲು ನೆತ್ತಿಗೇರಿತ್ತು. ಭಾವ ಒಂದು ತೆಂಗಿನ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಬರಿಗೈಯಲ್ಲಿ ಮಣ್ಣು ಬಿಡಿಸುತ್ತಿದ್ದರು. ತುಟಿ ಬಿಳಿಚಿ ಸಿಪ್ಪೆಯೆದ್ದಿತ್ತು. ನಮ್ಮನ್ನು ನೋಡಿ ಎದ್ದರು, ಎದ್ದ ಕೂಡಲೇ ಮರ ಹಿಡಿದುಕೊಂಡರು.

"ಬಾ ಚಂದ್ರು," ಅಂದರು ನನಗೆ. "ಬಿಸ್ಲಾಗೆ ಯಾಕ್ ಬರಕ್ಕೋದೆ."

"ಭಾವ, ಒಂದ್ ಲೋಟ ನೀರಾದ್ರೂ ಕುಡೀರಿ. ಅಯ್ಯನೋರೇ ಹೇಳಿದ್ರಂತಲ್ಲ."

"ಅಯ್ಯನೋರು ದೊಡ್ಡೋರು. ನಂಗೆ ಇಳೀಬೇಕಲ್ಲಪ್ಪ ಗಂಟ್ಲಾಗೆ."

ಗಂಗಮ್ಮ ನಮಗೆಲ್ಲ ಮಜ್ಜಿಗೆ ತಂದು ಕೊಟ್ಟಳು. ಹಿಂದಿನ ದಿನ ಭಾವ ಗೊಬ್ಬರ ಹಾಕಿದ್ದು ಎರಡು ಸಾಲು ಮರಗಳಿಗೆ. ಬುಡದ ಸುತ್ತ ಪಾತಿ ಬಿಡಿಸಿ, ಕೊಟ್ಟಿಗೆ ಗೊಬ್ಬರ ಸುರಿದು, ಮಣ್ಣು ಎಳೆದು, ಮೇಲೆ ಒಣಗರಿ ಮುಚ್ಚಿದ್ದರು. ಅವುಗಳಲ್ಲಿ ಅರ್ಧದಷ್ಟನ್ನು ಅವರೇ ಮತ್ತೆ ಬಗೆದು ನೋಡಿದ್ದರು. ಗುದ್ದಲಿ ಹಾಕಿರಲಿಲ್ಲ. ಏಟು ಬಿದ್ದೀತು ಅಂತ ಭಯ.

ಗೋವಿಂದರಾಜು ಡಿಟೆಕ್ಟರ್ ಆಡಿಸುತ್ತ ಮುಂದೆ ಮುಂದೆ, ನಾನು ಕಪ್ಪು ಮೂಲಂಗಿ ಹಿಡಿದು ಮಂಡಿಯೂರಿ ಹಿಂದೆ ಹಿಂದೆ. ಒಂದು ತೋಟದ ಮಣ್ಣಿನಲ್ಲಿ ಎಷ್ಟು ಲೋಹ ಇರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಮೊಳೆ ಸಿಕ್ಕಿತು. ಟಾನಿಕ್ ಬಾಟಲಿಯ ಮುಚ್ಚಳ ಸಿಕ್ಕಿತು. ಎತ್ತಿನ ಲಾಳ, ಸವೆದ ಕುಡುಗೋಲಿನ ತುಂಡು, ಬ್ಲೇಡು, ಪಂಪಿನ ವಾಷರು. ಒಂದು ಸಲ ಕಡ್ಡಿ ಕೈಯಲ್ಲಿ ಜೋರಾಗಿ ನಡುಗಿತು. ತೆಗೆದರೆ ತುಕ್ಕು ಹಿಡಿದ ಅಡಕತ್ತರಿ. ಗಂಗಮ್ಮ ಅದನ್ನು ನೋಡಿ, "ಅಯ್ಯೋ ಶಿವನೇ," ಅಂತ ಕೂತುಬಿಟ್ಟಳು. ಪಕ್ಕದ ತೋಟದ ಹೆಂಗಸು ಅದನ್ನು ಕದ್ದಳು ಅಂತ ಅವಳ ಜೊತೆ ಮಾತು ಬಿಟ್ಟು ಒಂದು ಕಾಲವಾಗಿತ್ತಂತೆ. ಅದೇ ಹೆಂಗಸು ಬೇಲಿಯ ಆಚೆಯಿಂದ, "ಏನ್ ತೆಗೀತವ್ರೆ, ಹೊನ್ನಾ?" ಅಂತ ಕೇಳಿದಳು. ಗಂಗಮ್ಮ ಅಡಕತ್ತರಿಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಆಮೇಲೆ ಏನೆನ್ನಿಸಿತೋ, ಹೊರಗೆ ತೆಗೆದು ಎತ್ತಿ ತೋರಿಸಿದಳು. "ನಮ್ ಪಾತೀಲೇ ಇತ್ತು ಕಣಕ್ಕಾ," ಅಂದಳು. ಆಚೆಯವಳು ನೋಡಿದಳು. ಬೇಲಿ ದಾಟಿ ಈಚೆ ಬಂದು, ಮುಂದಿನ ಬುಡದ ಒಣಗರಿ ಎಳೆದುಹಾಕಲು ಶುರುಮಾಡಿದಳು.

ತಲೆಯ ಮೇಲೆ ಕಾವಲಿನ ಕಾರ್ಖಾನೆಯ ಹೆಲಿಕಾಪ್ಟರೊಂದು ಸುತ್ತು ಹಾಕುತ್ತಿತ್ತು. ಅದರ ಸದ್ದಿಗೆ ಗೋವಿಂದರಾಜು, ತನ್ನ ಡಿಟೆಕ್ಟರ್ ಕೂಗುವುದೇ ಕೇಳುತ್ತಿಲ್ಲ ಅಂತ ನಿಂತುಬಿಟ್ಟ. ನಾನು ನಿಲ್ಲಲಿಲ್ಲ, ನನಗೇನು ಕೇಳಬೇಕಾಗಿತ್ತು! ಅವನು ನಿಲ್ಲುವ ಮೊದಲು ತೋರಿಸಿದ್ದ ಬುಡದಲ್ಲಿ ಕೈ ಇಳಿಸಿದೆ. ಗೊಬ್ಬರದ ಬಿಸಿ ಬೆರಳಿಗೆ ತಾಗಿತು. ಕಡ್ಡಿ ಮೆಲ್ಲಗೆ ನಡುಗಿತು. ಸ್ವಲ್ಪ ಎಡಕ್ಕೆ ಒಯ್ದೆ, ಕಡಿಮೆಯಾಯಿತು. ಬಲಕ್ಕೆ, ಕೆಳಕ್ಕೆ. ಅಂಗೈ ತುಂಬ ನಡುಕ. ಕಡ್ಡಿ ಬಿಟ್ಟು ಬೆರಳಿನಿಂದ ಕೆದಕಿದೆ. ಮೊದಲು ದಾರದ ತುಂಡು ಬಂತು, ಅದರ ಹಿಂದೆ ಬೆಳ್ಳಿ.

"ಭಾವ," ಅಂದೆ.

ಭಾವ ಬಂದು ಎರಡೂ ಕೈ ಒಡ್ಡಿದರು. ಅವರ ಕೈಯಲ್ಲಿ ಇಟ್ಟ ಮೇಲೆಯೇ ನನಗೆ ಕಂಡದ್ದು: ಕರಡಿಗೆಯ ಒಂದು ಪಕ್ಕ ನೆಗ್ಗಿತ್ತು, ಮುಚ್ಚಳ ಬಾಯಿ ಬಿಟ್ಟಿತ್ತು, ಒಳಗೆ ಏನೂ ಇರಲಿಲ್ಲ. ಹಿಂದಿನ ದಿನ ಮಣ್ಣು ಎಳೆಯುವಾಗ ಗುದ್ದಲಿ ತಾಗಿತ್ತು ಅಂತ ಕಾಣುತ್ತದೆ.

ಗೋವಿಂದರಾಜು, "ಇನ್ನೊಂದ್ ಸಲ ಆಡಿಸ್ತೀನಿ ತಡೀರಿ," ಅಂತ ಮುಂದೆ ಬಂದ.

"ಬೇಡ ಕಣೋ," ಅಂದೆ. "ಲಿಂಗ ಕಲ್ಲಿಂದು. ಮೇಲೆ ಕಪ್ಪು ಕಂತಿ ಮೆತ್ತಿರ್ತಾರೆ. ಇದ್ಯಾವ್ದಕ್ಕೂ ಅದು ಸಿಗಲ್ಲ."

ಬೆಳಿಗ್ಗೆಯಿಂದ ಯಾವ ಕಡ್ಡಿ, ಎಂಥ ಕಡ್ಡಿ ಅಂತ ಊರೂರು ಅಲೆದವನಿಗೆ ಈ ಒಂದು ಸಂಗತಿ ಹೊಳೆದಿರಲಿಲ್ಲ. ಭಾವ ಖಾಲಿ ಕರಡಿಗೆಯನ್ನು ನೋಡುತ್ತ ನಿಂತಿದ್ದರು. ಅವರ ಮುಖವನ್ನು ಹೆಚ್ಚು ಹೊತ್ತು ನೋಡಲಾಗಲಿಲ್ಲ.

ಗಂಗಮ್ಮ ಮನೆಗೆ ಓಡಿ ರಾಗಿ ಜಾಲಿಸುವ ಒಂದರಿ ತಂದಳು. ಭಾವ ಬೇಡ ಅಂದರು. "ಜಲ್ಲಿ ಜಾಲಿಸಿದಂಗೆ ಜಾಲಿಸಬ್ಯಾಡ. ಕೈಯಾಗೆ ನೋಡನ." ಎಲ್ಲರೂ ಆ ಒಂದು ಬುಡದ ಸುತ್ತ ಕುಳಿತೆವು. ಕುಳಿತೆವು ಅಂತ ಈಗ ಬರೆಯುವಾಗ ನನಗೇ ಆಶ್ಚರ್ಯ. ಅಷ್ಟು ಹೊತ್ತು ನಾನು ಒಂದೇ ಕಡೆ ಕೂತದ್ದು ನೆನಪಿಲ್ಲ. ಹಿಡಿ ಹಿಡಿ ಗೊಬ್ಬರವನ್ನು ಅಂಗೈಯಲ್ಲಿ ಹರಡಿ, ಉಂಡೆಯಿದ್ದರೆ ಒಡೆದು, ಪಕ್ಕಕ್ಕೆ ಹಾಕುವುದು. ಗೊಬ್ಬರವೂ ಕಪ್ಪು, ಲಿಂಗವೂ ಕಪ್ಪು. ಚಿಪ್ಪಿನ ಚೂರು, ಹರಳು, ಒಣಗಿದ ಸಗಣಿಯ ಗಟ್ಟಿ, ಎಲ್ಲವೂ ಒಂದು ಕ್ಷಣ ಅದೇ ಅನ್ನಿಸುವುದು, ಮರುಕ್ಷಣ ಅಲ್ಲ ಅನ್ನಿಸುವುದು. ಶಶಿಕಲಾಳ ಬಳೆಗಳು ಗೊಬ್ಬರದಲ್ಲಿ ಮುಳುಗಿಹೋಗಿದ್ದವು. ಬೇಲಿಯಾಚೆಯ ಹೆಂಗಸು ಗಂಗಮ್ಮನಿಗೆ ಭುಜ ತಾಗಿಸಿಕೊಂಡೇ ಕೂತಿದ್ದಳು. ಗೋವಿಂದರಾಜು ಎರಡು ಸಲ ಕನ್ನಡಕ ಒರೆಸಿಕೊಂಡು ಮುಖವೆಲ್ಲ ಗೊಬ್ಬರ ಮಾಡಿಕೊಂಡ.

ಭಾವ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿದ್ದರು. ಎಡಗೈಯನ್ನು ಮಣ್ಣಿನೊಳಗೆ ಇಟ್ಟು, ಅಂಗೈ ಮೇಲೆ ಮಾಡಿ, ಬಲಗೈಯಿಂದ ಅದರ ಮೇಲಕ್ಕೆ ಮಣ್ಣು ಎಳೆದುಕೊಳ್ಳುತ್ತಿದ್ದರು. ಸ್ವಲ್ಪ ಹೊತ್ತು ಹಾಗೇ ಮಾಡಿದ ಮೇಲೆ ಅವರ ಬಲಗೈ ನಿಂತಿತು. ಎಡಗೈ ಮುಚ್ಚಿಕೊಂಡಿತು. ಕಣ್ಣು ತೆರೆಯಲಿಲ್ಲ. ಗಡ್ಡದ ಕುರುಚಲಿನ ಮೇಲೆ ನೀರು ಇಳಿಯಿತು. ಆಗ ನಮಗೆ ಗೊತ್ತಾಯಿತು.

ಎದ್ದು ಪಂಪ್‌ಹೌಸಿಗೆ ಹೋಗಿ ಮೋಟರು ಹಾಕಿದರು. ಬಟ್ಟೆ ಸಮೇತ ಪೈಪಿನ ಕೆಳಗೆ ನಿಂತರು. ಗಂಗಮ್ಮ ಮಡಿ ಪಂಚೆ, ವಿಭೂತಿ, ಒಂದಿಷ್ಟು ಹೂವು ತಂದು ತೊಟ್ಟಿಯ ಕಟ್ಟೆಯ ಮೇಲಿಟ್ಟು ದೂರ ಸರಿದಳು. ಅಲ್ಲೇ ಪೂಜೆಯಾಯಿತು. ಲಿಂಗದ ಒಂದು ಅಂಚಿನಲ್ಲಿ ಕಂತಿ ಸಣ್ಣಗೆ ಕೆತ್ತಿಹೋಗಿತ್ತು. ಅಯ್ಯನೋರಿಗೆ ತೋರಿಸಿ ಸರಿ ಮಾಡಿಸ್ಕೋತೀನಿ ಅಂದರು. ಆಮೇಲೆ ನೀರು ಕುಡಿದರು. ಒಂದು ಚೊಂಬು ಪೂರ್ತಿ, ನಿಧಾನವಾಗಿ, ನಡುವೆ ನಿಲ್ಲಿಸಿ ನಿಲ್ಲಿಸಿ.

ಮನೆಯಲ್ಲಿ ಗಂಗಮ್ಮ ಮುದ್ದೆ ಕಟ್ಟಿದಳು. ಸೊಪ್ಪಿನ ಸಾರು ಇತ್ತು. ಗಂಡಸರು ಮೂವರೂ ನಡುಮನೆಯಲ್ಲಿ ಕೂತೆವು, ಶಶಿಕಲಾಳನ್ನೂ ಬಿಡದೆ ಕೂರಿಸಿದಳು. ಭಾವ ಮಾತ್ರೆ ನುಂಗಿ, ಮೊದಲು ಸ್ವಲ್ಪ ಅನ್ನ ಮಜ್ಜಿಗೆ ಉಂಡು, ಆಮೇಲೆ ಮುದ್ದೆಗೆ ಕೈ ಹಾಕಿದರು. ಅವರ ಮುಖಕ್ಕೆ ಬಣ್ಣ ಬರುತ್ತಿದ್ದುದು ಕಾಣುತ್ತಿತ್ತು. ಗೋವಿಂದರಾಜು ಹೆಲಿಕಾಪ್ಟರಿನ ಬಗ್ಗೆ ಏನೋ ಹೇಳಿದ, ಭಾವ ನಕ್ಕರು. ಗಂಗಮ್ಮ ಎರಡನೇ ಸಲ ಸಾರು ಬಡಿಸಲು ಬಗ್ಗಿದವಳು ಹಾಗೇ ಗೋಡೆ ಹಿಡಿದುಕೊಂಡು, ಪಾತ್ರೆ ಕೆಳಗಿಟ್ಟು, ಹೊಸ್ತಿಲ ಮೇಲೆ ಕೂತಳು.

"ಏನಾಯ್ತೇ ಗಂಗ?" ಅಂದಳು ಶಶಿಕಲಾ.

"ಏನಿಲ್ಲ ಅತ್ತಿಗೆ. ಕಣ್ ಕತ್ಲೆ ಬಂದಂಗಾತು."

ಶಶಿಕಲಾ ಅವಳನ್ನೇ ನೋಡಿದಳು. "ನೀನು ಯಾವಾಗ ಊಟ ಮಾಡಿದ್ದು?"

ಗಂಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಇವ್ರು ಉಣ್ದೆ ನಾನೆಂಗ್ ಉಣ್ಲಿ. ಬುಡಿ ಅತ್ತಿಗೆ, ಈಗ ಉಣ್ತೀನಿ."

ನಿನ್ನೆಯಿಂದ. ಫೋನ್ ಮಾಡಿದಾಗಲೂ, ಮಜ್ಜಿಗೆ ಕೊಟ್ಟಾಗಲೂ, ಒಂದರಿ ತರಲು ಓಡಿದಾಗಲೂ. ನಾನು ಅಣ್ಣ, ಮಧ್ಯಾಹ್ನದಿಂದ ಅವಳ ಮುಂದೆಯೇ ಓಡಾಡಿದ್ದೆ.

ಭಾವನ ಕೈ ತಟ್ಟೆಯಲ್ಲೇ ನಿಂತಿತ್ತು. ಅವರು ಎದ್ದರು. ಕೈ ತೊಳೆದುಕೊಂಡು ಅಡುಗೆಮನೆಗೆ ಹೋದರು. ಅಲ್ಲಿ ಅದನ್ನೂ ಇದನ್ನೂ ಸರಿಸುವ ಸದ್ದಾಯಿತು, ಅದು ನನಗೂ ಕೇಳುವಂಥ ಸದ್ದು. ಆಮೇಲೆ ಬಾಗಿಲಿಗೆ ಬಂದು ನಿಂತು ಕೇಳಿದರು:

"ತಟ್ಟೆ ಎಲ್ ಮಡಗಿರ್ತೀಯ?"

"ಕಿಟಕಿ ಪಕ್ಕ, ಬುಟ್ಟಿಯಾಗೆ," ಅಂದಳು ಗಂಗಮ್ಮ. "ನೀವು ಕೂತ್ಕಳಿ, ನಾನೇ—"

"ನೀನು ಕೂತ್ಕ."

ತಟ್ಟೆ ತಂದರು. ಮುದ್ದೆ ಇಟ್ಟರು. ಸಾರು ಹಾಕುವಾಗ ಅಂಚಿನಿಂದ ಚೆಲ್ಲಿತು, ಅಭ್ಯಾಸವಿಲ್ಲದ ಕೈ. ಅದನ್ನು ಹೊಸ್ತಿಲ ಹತ್ತಿರ ಇಟ್ಟು, ಲೋಟದಲ್ಲಿ ನೀರಿಟ್ಟು, ತಮ್ಮ ಊಟಕ್ಕೆ ವಾಪಸು ಬರದೆ ಅವಳ ಎದುರಿಗೇ ನೆಲದ ಮೇಲೆ ಕೂತರು. ಗಂಗಮ್ಮ ನಮ್ಮ ಕಡೆ ನೋಡಿ ನಾಚಿಕೊಂಡಳು. ನಾವು ನಮ್ಮ ನಮ್ಮ ತಟ್ಟೆ ನೋಡಿಕೊಂಡೆವು.

"ಉಣ್ಣು," ಅಂದರು ಭಾವ.

ಅವಳು ಮುದ್ದೆ ಮುರಿದಳು.